ಗೀತೆ, ವಿಷ್ಣು ಸಹಸ್ರನಾಮಗಳನ್ನು ಬ್ರೈಲ್‌ನಲ್ಲಿ ಓದಬೇಕಾಗಿದೆ: ನಂಬಬಹುದಾದ ಪಾಠ ಸಿಗುವ ದಾರಿ ಯಾವುದು?

ಪ್ರಶ್ನೆ
ಬರೆದವರು: ಬೆರಳೋದುಗ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿನಿಂದಲೇ ದೃಷ್ಟಿಯಿಲ್ಲದವನು. ಶಾಲೆಯಲ್ಲಿ ಕಲಿತ ಕನ್ನಡ ಬ್ರೈಲ್ ಇಂದಿಗೂ ಬೆರಳಿನಲ್ಲಿದೆ. ಕಚೇರಿಯ ಕೆಲಸವೆಲ್ಲ ಸ್ಕ್ರೀನ್ ರೀಡರ್‌ನಲ್ಲೇ ನಡೆಯುವುದರಿಂದ ಚುಕ್ಕಿ ಓದುವ ಅಭ್ಯಾಸ ನಡುವೆ ಕೆಲವು ವರ್ಷ ತಪ್ಪಿಹೋಗಿತ್ತು. ಈಗ ಮತ್ತೆ ಹಿಡಿದಿದ್ದೇನೆ.

ನಮ್ಮ ತಂದೆಯವರು ಪ್ರತಿದಿನ ಬೆಳಿಗ್ಗೆ ವಿಷ್ಣು ಸಹಸ್ರನಾಮ ಹೇಳಿ, ಆಮೇಲೆ ಗೀತೆಯ ಒಂದು ಅಧ್ಯಾಯವನ್ನು ಪಾರಾಯಣ ಮಾಡುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು ಕೇಳಿ ಕೇಳಿಯೇ ಸಹಸ್ರನಾಮವೂ ಗೀತೆಯ ಮೊದಲ ಎರಡು ಅಧ್ಯಾಯಗಳೂ ನನಗೆ ಬಾಯಿಪಾಠವಾದವು. ಆದರೆ ಬಾಯಿಗೆ ಬಂದದ್ದು ಎಷ್ಟು ಸರಿ ಎಂಬುದನ್ನು ನಾನು ಒಮ್ಮೆಯಾದರೂ ಪುಸ್ತಕದಲ್ಲಿ ನೋಡಿ ತಿಳಿದುಕೊಂಡವನಲ್ಲ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಆರಂಭವಾಗುತ್ತದೆ, ಎಲ್ಲಿ ವಿಸರ್ಗವಿದೆ, ಎಲ್ಲಿ ಮಹಾಪ್ರಾಣವಿದೆ ಎಂಬಂಥ, ಕಣ್ಣಿರುವವರು ಪುಟ ತಿರುಗಿಸಿ ಅರೆಗಳಿಗೆಯಲ್ಲಿ ಬಗೆಹರಿಸಿಕೊಳ್ಳುವ ಸಂದೇಹಗಳು ನನ್ನಲ್ಲಿ ಮೂವತ್ತು ವರ್ಷಗಳಿಂದ ಹಾಗೆಯೇ ಕುಳಿತಿವೆ.

ಎರಡು ಬಾರಿ ಪ್ರಯತ್ನಪಟ್ಟೆ. ಮೊದಲ ಸಲ ಒಬ್ಬ ದಾನಿಗಳ ಮೂಲಕ ಬಂದ ಬ್ರೈಲ್ ಗೀತೆಯಲ್ಲಿ ಹಿಂದಿ ಅನುವಾದ ಮಾತ್ರವಿತ್ತು, ಶ್ಲೋಕಗಳಿರಲಿಲ್ಲ. ಎರಡನೆಯ ಸಲ ಅಂತರಜಾಲದಲ್ಲಿ ಸಿಕ್ಕ ಕನ್ನಡ ಲಿಪಿಯ ಪಠ್ಯವನ್ನು ಪರಿಚಿತರೊಬ್ಬರು ಪರಿವರ್ತಿಸಿ, ಒಂದು ಕಡೆ ಎಂಬಾಸರ್ ಎಂಬ ಬ್ರೈಲ್ ಮುದ್ರಣಯಂತ್ರದಲ್ಲಿ ಮುದ್ರಿಸಿಕೊಟ್ಟರು. ಅದರಲ್ಲಿ ವಿಸರ್ಗ ಇರಬೇಕಾದ ಕಡೆ ಎಲ್ಲಿಯೂ ವಿಸರ್ಗವಿಲ್ಲ. ಬದಲಿಗೆ ಪದಗಳ ಕೊನೆಯಲ್ಲಿ ವಿನಾಕಾರಣ ‘ಞ’ ಬರುತ್ತದೆ. ‘ಸೋಽಹಂ’ ಎಂಬಂಥ ಕಡೆಗಳಲ್ಲಿ ಇನ್ನೂ ವಿಚಿತ್ರವಾದ ಅಕ್ಷರಗಳಿವೆ. ಹತ್ತು ಪುಟ ಓದಿ ಮುಚ್ಚಿಟ್ಟೆ.

ನನ್ನ ಪ್ರಶ್ನೆಗಳು ಇಷ್ಟು. ಮೂಲ ಶ್ಲೋಕಗಳಿರುವ, ತಪ್ಪಿಲ್ಲದ ಬ್ರೈಲ್ ಪ್ರತಿಯನ್ನು ಪಡೆಯುವುದು ಅಥವಾ ಮಾಡಿಸುವುದು ಹೇಗೆ? ಸಂಸ್ಕೃತಕ್ಕಾಗಿ ದೇವನಾಗರಿ ಬ್ರೈಲನ್ನು ಬೇರೆಯಾಗಿ ಕಲಿಯಬೇಕೇ? ಪುರುಷಸೂಕ್ತ, ರುದ್ರ ಮುಂತಾದ ಸ್ವರಸಹಿತ ವೇದಮಂತ್ರಗಳು ಬ್ರೈಲ್‌ನಲ್ಲಿ ಬರಲು ಸಾಧ್ಯವೇ? ‘ಆಡಿಯೋ ಇದೆಯಲ್ಲ, ಕೇಳಿಬಿಡಿ’ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಅದನ್ನು ಮಾಡುತ್ತಲೇ ಇದ್ದೇನೆ.


ಉತ್ತರ 1
ಬರೆದವರು: ಕರಡು ತಿದ್ದುವವಳು

ನಿಮ್ಮ ‘ಞ’ ಎಲ್ಲಿಂದ ಬಂತೆಂದು ಓದುತ್ತಿದ್ದಂತೆಯೇ ತಿಳಿಯಿತು, ನಗುವೂ ಬಂತು, ಕ್ಷಮಿಸಿ. ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುವುದೇ ನನ್ನ ಕೆಲಸ. ಕನ್ನಡದಲ್ಲಿ ಬೆರಳಚ್ಚು ಮಾಡುವವರಲ್ಲಿ ಬಹಳ ಮಂದಿ ವಿಸರ್ಗದ ಕೀಲಿ ಹುಡುಕುವ ಗೋಜಿಗೆ ಹೋಗದೆ ಅದರ ಬದಲು ಕೋಲನ್ ಚಿಹ್ನೆಯನ್ನು ಒತ್ತಿಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ: ಮೇಲೊಂದು, ಕೆಳಗೊಂದು ಬಿಂದು. ಆದರೆ ಬ್ರೈಲ್‌ನ ಒಂದೊಂದು ಸೆಲ್, ಅಂದರೆ ಅಕ್ಷರದ ಚೌಕಟ್ಟಿನಲ್ಲಿ, ಆರು ಚುಕ್ಕಿಗಳ ಜಾಗವಿದೆ: ಎಡಗಡೆ ಮೇಲಿನಿಂದ 1, 2, 3, ಬಲಗಡೆ 4, 5, 6. ಅದರಲ್ಲಿ ವಿಸರ್ಗವೆಂದರೆ 6ನೇ ಚುಕ್ಕಿ ಮಾತ್ರ. ಕೋಲನ್ ಎಂದರೆ 2 ಮತ್ತು 5ನೇ ಚುಕ್ಕಿಗಳು, ಮತ್ತು ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್‌ನಲ್ಲಿ ‘ಞ’ ಕೂಡ ಅದೇ 2-5. ಹೀಗಾಗಿ ‘ರಾಮಃ’ ಎಂದು ಕಾಣುವುದು ನಿಮ್ಮ ಬೆರಳಿಗೆ ‘ರಾಮಞ’ ಆಗಿ ಸಿಕ್ಕಿದೆ. ಅವಗ್ರಹದ, ಅಂದರೆ ‘ಽ’ ಗುರುತಿನ ಕಥೆಯೂ ಇದೇ ಬಗೆಯದು. ಅದು 2ನೇ ಚುಕ್ಕಿಯೊಂದೇ ಆಗಬೇಕು. ಬೆರಳಚ್ಚು ಮಾಡಿದವರು ಆಕಾರ ಹೋಲುತ್ತದೆಂದು ಇಂಗ್ಲಿಷಿನ ದೊಡ್ಡ ‘ಎಸ್’ ಹಾಕಿರುತ್ತಾರೆ. ಇಂಗ್ಲಿಷ್ ಬ್ರೈಲ್‌ನಲ್ಲಿ ದೊಡ್ಡಕ್ಷರದ ಚಿಹ್ನೆ 6ನೇ ಚುಕ್ಕಿ. ತಂತ್ರಾಂಶ ಅದನ್ನೂ ಸೇರಿಸಿ ಪರಿವರ್ತಿಸಿದರೆ ‘ಸೋಽಹಂ’ ಎಂಬುದು ‘ಸೋಃಸಹಂ’ ಎಂದು ಓದಿಸಿಕೊಳ್ಳುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕುಳಿತಿರುವುದನ್ನೂ ಎಷ್ಟೋ ಕಡತಗಳಲ್ಲಿ ಕಂಡಿದ್ದೇನೆ. ಈ ತಪ್ಪುಗಳಾವುವೂ ಕಣ್ಣಿಗೆ ತಪ್ಪಾಗಿ ಕಾಣುವುದಿಲ್ಲವಾದ್ದರಿಂದ ಕಣ್ಣಿರುವವರಿಗೆ ತೋರಿಸಿ ‘ಸರಿಯಾಗಿದೆಯೇ’ ಎಂದು ಕೇಳಿದರೆ ಸರಿಯಾಗಿದೆ ಎಂದೇ ಹೇಳುತ್ತಾರೆ.

ಇನ್ನು ದೇವನಾಗರಿಯ ವಿಚಾರ. ನೀವು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಲಿಪಿಯ ಆಕಾರವನ್ನಲ್ಲ, ಧ್ವನಿಯನ್ನು ಹಿಡಿದು ನಡೆಯುತ್ತದೆ. ಕನ್ನಡದ ‘ಕ’, ದೇವನಾಗರಿಯ ‘ಕ’, ತೆಲುಗಿನ ‘ಕ’ ಎಲ್ಲವೂ 1 ಮತ್ತು 3ನೇ ಚುಕ್ಕಿಗಳೇ. ಆದ್ದರಿಂದ ದೆಹಲಿಯಲ್ಲೋ ಡೆಹ್ರಾಡೂನಿನಲ್ಲೋ ಮುದ್ರಣವಾದ ಸಂಸ್ಕೃತ ಶ್ಲೋಕವನ್ನು ನಿಮ್ಮ ಬೆರಳು ಕನ್ನಡವೆಂಬಂತೆಯೇ ಓದಿಕೊಂಡು ಹೋಗುತ್ತದೆ. ನಮ್ಮ ಹ್ರಸ್ವ ಎ, ಒಗಳ ಸೆಲ್‌ಗಳು ಸಂಸ್ಕೃತದಲ್ಲಿ ಬರುವುದೇ ಇಲ್ಲ, ಅಷ್ಟೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ: ನಾವು ಕನ್ನಡದಲ್ಲಿ ‘ಪಾಂಡವಾಃ’ ಎಂದು ಅನುಸ್ವಾರದಿಂದ ಬರೆಯುವುದನ್ನು ದೇವನಾಗರಿಯ ಅನೇಕ ಮುದ್ರಣಗಳು ‘ಪಾಣ್ಡವಾಃ’ ಎಂದು ಅನುನಾಸಿಕದಿಂದಲೇ ಬರೆಯುತ್ತವೆ. ಚುಕ್ಕಿಗಳೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಅದು ತಪ್ಪಲ್ಲ.

ಕರಡು ತಿದ್ದುವುದು ಹೇಗೆಂದು ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಅಲ್ಲೇ ಇದೆ. ನಾನು ಚುಕ್ಕಿಗಳನ್ನು ಓದುತ್ತಾ ಗಟ್ಟಿಯಾಗಿ ಹೇಳುತ್ತೇನೆ. ಎದುರಿಗೆ ಕುಳಿತ ಕಣ್ಣಿರುವ ಸಹೋದ್ಯೋಗಿ ಅಚ್ಚಿನ ಪುಸ್ತಕದ ಮೇಲೆ ಬೆರಳಿಟ್ಟು ಹೋಲಿಸುತ್ತಾ ಹೋಗುತ್ತಾರೆ. ಕಥೆ ಪುಸ್ತಕವಾದರೆ ವೇಗವಾಗಿ ಸಾಗುತ್ತದೆ. ಸಂಸ್ಕೃತಕ್ಕೆ ಬಂದಾಗ ಪ್ರತಿಯೊಂದು ಸೆಲ್ಲನ್ನೂ ಬಿಡಿಸಿ ಹೇಳಬೇಕು. ‘ಧರ್ಮ’ ಎಂಬ ಪದವನ್ನೇ ತೆಗೆದುಕೊಳ್ಳಿ: ‘ಧ’ 2-3-4-6, ಆಮೇಲೆ ಒಂಟಿ 4ನೇ ಚುಕ್ಕಿ, ಆಮೇಲೆ ‘ರ’ 1-2-3-5, ಕೊನೆಗೆ ‘ಮ’ 1-3-4. ಆ ಒಂಟಿ 4 ಹಲಂತದ, ಅಂದರೆ ವ್ಯಂಜನಕ್ಕೆ ಸ್ವರ ಸೇರಿಲ್ಲ ಎಂಬುದರ ಗುರುತು. ಅಚ್ಚಿನಲ್ಲಿ ಒತ್ತು ಕೆಳಗೆ ಬಂದರೆ ಬ್ರೈಲ್‌ನಲ್ಲಿ ಹಲಂತ ವ್ಯಂಜನಕ್ಕಿಂತ ಮೊದಲೇ ಬರುತ್ತದೆ. ಹಲಂತ 4, ವಿಸರ್ಗ 6, ಅವಗ್ರಹ 2: ಸಂಸ್ಕೃತದ ಪ್ರಾಣವೇ ಆಗಿರುವ ಈ ಮೂರೂ ಒಂದೊಂದೇ ಚುಕ್ಕಿಯವು. ಒಂಟಿ ಚುಕ್ಕಿ ಸೆಲ್ಲಿನ ಯಾವ ಮೂಲೆಯಲ್ಲಿದೆ ಎಂಬುದು ಅಕ್ಕಪಕ್ಕದ ಸೆಲ್‌ಗಳ ಆಧಾರದಿಂದಲೇ ಬೆರಳಿಗೆ ತಿಳಿಯಬೇಕು. ಹಳೆಯ ಪುಸ್ತಕದಲ್ಲಿ ಆ ಒಂದು ಚುಕ್ಕಿ ಸವೆದರೆ ‘ರಾಮಃ’ ಹೋಗಿ ‘ರಾಮ’ ಆಗುತ್ತದೆ, ಪ್ರಥಮಾ ವಿಭಕ್ತಿ ಸಂಬೋಧನೆಯಾಗುತ್ತದೆ. ಆದ್ದರಿಂದ ಯಾವುದೇ ಸಂಸ್ಥೆಗೆ ಮುದ್ರಣಕ್ಕೆ ಕೊಡುವಾಗ ‘ಪರಿವರ್ತನೆಯಾದ ಮೇಲೆ ಬೆರಳಿನಿಂದ ಓದಿ ತಿದ್ದುತ್ತೀರಾ’ ಎಂದು ಮೊದಲು ಕೇಳಿ. ಇಲ್ಲವೆಂದರೆ ಆ ಕೆಲಸವನ್ನು ನೀವೇ ಮಾಡಿಕೊಳ್ಳಲು ಸಿದ್ಧರಾಗಿರಿ.

ಗಾತ್ರದ ಭಯ ಬೇಡ. ‘ಧರ್ಮಕ್ಷೇತ್ರೇ ಕುರುಕ್ಷೇತ್ರೇ ಸಮವೇತಾ ಯುಯುತ್ಸವಃ’ ಎಂಬ ಅರ್ಧ ಶ್ಲೋಕಕ್ಕೆ ನಡುವಿನ ಖಾಲಿ ಜಾಗವೂ ಸೇರಿ 38 ಸೆಲ್ ಬೇಕು. ದೊಡ್ಡ ಅಳತೆಯ ಬ್ರೈಲ್ ಪುಟದಲ್ಲಿ ಸಾಲಿಗೆ 40 ಸೆಲ್, ಪುಟಕ್ಕೆ 25 ಸಾಲು ಹಿಡಿಸುತ್ತವೆ. ಹಾಗಾಗಿ 700 ಶ್ಲೋಕಗಳ ಮೂಲವಷ್ಟನ್ನೇ ಮಾಡಿಸಿದರೆ, ‘ಉವಾಚ’ಗಳು, ಅಂಕಿಗಳು, ಮುಂದಿನ ಸಾಲಿಗೆ ಹರಿಯುವ, ತ್ರಿಷ್ಟುಪ್ ಎಂಬ ಉದ್ದ ಛಂದಸ್ಸಿನ ಶ್ಲೋಕಗಳು ಎಲ್ಲ ಸೇರಿ ನೂರು ಪುಟದ ಆಸುಪಾಸಿನಲ್ಲಿ ಒಂದೇ ಸಂಪುಟವಾಗಿ ನಿಲ್ಲುತ್ತದೆ. ತಾತ್ಪರ್ಯ ಸೇರಿಸಿದರೆ ಎರಡು ಮೂರಾಗಬಹುದು. ವಾಲ್ಮೀಕಿ ರಾಮಾಯಣದ ಮಾತು ಬೇರೆ: 24,000 ಶ್ಲೋಕವೆಂದರೆ ಮೂಲಕ್ಕೇ ಎರಡು ಸಾವಿರ ಪುಟ, ಒಂದು ಕಪಾಟು ತುಂಬ ಪುಸ್ತಕ.

ಮುದ್ರಣದ ಸೌಲಭ್ಯ ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿದೆ. ಡೆಹ್ರಾಡೂನಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆಯ ಕೇಂದ್ರೀಯ ಬ್ರೈಲ್ ಮುದ್ರಣಾಲಯವೂ ಇದೆ. ದೂರವೆಂದು ಹಿಂಜರಿಯಬೇಡಿ, ಅಂಧರಿಗಾಗಿ ಕಳುಹಿಸುವ ಬ್ರೈಲ್ ಸಾಹಿತ್ಯಕ್ಕೆ ಭಾರತೀಯ ಅಂಚೆಯಲ್ಲಿ 7 ಕೆ.ಜಿ.ವರೆಗೆ ಅಂಚೆ ವೆಚ್ಚವಿಲ್ಲ.


ಉತ್ತರ 2
ಬರೆದವರು: ಕಡತಗಾರ

ಮೇಲಿನ ಉತ್ತರಕ್ಕೆ ಕಡತದ ಕಡೆಯಿಂದ ಕೆಲವು ಮಾತು. ಪಠ್ಯ ಯೂನಿಕೋಡ್‌ನಲ್ಲೇ ಇರಬೇಕು. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಸ್ತೋತ್ರಗಳ ಕಡತಗಳು ಇಂದಿಗೂ ಓಡಾಡುತ್ತಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಇಂಗ್ಲಿಷ್ ಅಕ್ಷರಗಳ ರಾಶಿ. ಅವನ್ನು ಮೊದಲು ಯೂನಿಕೋಡ್‌ಗೆ ತರದೆ ಬ್ರೈಲ್ ಮಾಡಹೊರಟರೆ ಸಿಗುವುದು ಕಸ. ಚಿತ್ರರೂಪದ ಪಿಡಿಎಫ್‌ಗಳನ್ನಂತೂ ಬಿಟ್ಟೇಬಿಡಿ. ಯಂತ್ರ ಓದಿಕೊಟ್ಟ ಸಂಸ್ಕೃತವನ್ನು ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದು ಸುಲಭ.

ಗೀತೆಗೆ ಕಾನ್ಪುರ ಐಐಟಿಯ ಗೀತಾ ಸೂಪರ್‌ಸೈಟ್ ಇದೆ, ಅಲ್ಲಿ ಮೂಲವನ್ನು ಕನ್ನಡ ಲಿಪಿಯಲ್ಲಿಯೂ ತೆರೆಯಬಹುದು. ಸ್ತೋತ್ರಗಳು, ಸಹಸ್ರನಾಮಗಳು ಸಂಸ್ಕೃತ ಡಾಕ್ಯುಮೆಂಟ್ಸ್ ತಾಣದಲ್ಲಿ ಸಿಗುತ್ತವೆ. ಪಠ್ಯವನ್ನು ನಕಲಿಸಿಕೊಂಡ ಮೇಲೆ ಬೇರೇನೂ ಮಾಡುವ ಮೊದಲು ಹುಡುಕಿ ಬದಲಿಸುವ ಆಜ್ಞೆಯಿಂದ ಕೋಲನ್, ದೊಡ್ಡ ‘ಎಸ್’, ಕನ್ನಡ ಸೊನ್ನೆ ಈ ಮೂರನ್ನೂ ಹಿಡಿದು ಸರಿಪಡಿಸಿ. ಹತ್ತು ನಿಮಿಷದ ಕೆಲಸ. ನಿಮ್ಮ ಹಳೆಯ ಪ್ರತಿಯ ಮುಕ್ಕಾಲು ತಪ್ಪುಗಳು ಅಲ್ಲೇ ಹೋಗುತ್ತಿದ್ದವು.

ಪರಿವರ್ತನೆಗೆ ಲಿಬ್ಲೂಯಿ ಎಂಬ ಮುಕ್ತ ತಂತ್ರಾಂಶ ಸಾಕು. ಅದರಲ್ಲಿ ಕನ್ನಡಕ್ಕೂ ಸಂಸ್ಕೃತಕ್ಕೂ ಕೋಷ್ಟಕಗಳಿವೆ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರಾದರೆ ಅದು ಈಗಾಗಲೇ ನಿಮ್ಮ ಗಣಕದೊಳಗೇ ಇದೆ. ಚುಕ್ಕಿಗಳನ್ನು ಏರಿಳಿಸಿ ಒಂದು ಸಾಲು ತೋರಿಸುವ ಬ್ರೈಲ್ ಡಿಸ್‌ಪ್ಲೇ ಸಾಧನ ಹೊಂದಿದ್ದರೆ ಮುದ್ರಣವೇ ಬೇಡವೆನಿಸಬಹುದು, ಆದರೆ ಒಂದು ಮುಜುಗರವಿದೆ. 20 ಸೆಲ್ಲಿನ ಸಾಧನದಲ್ಲಿ ‘ಧರ್ಮಕ್ಷೇತ್ರೇ ಕುರುಕ್ಷೇತ್ರೇ’ ಎಂಬ ಒಂದು ಪಾದ ಹಿಡಿಸುವುದಿಲ್ಲ; ಅದಕ್ಕೆ 21 ಬೇಕು. ಆ ಒಂದು ಸೆಲ್ಲಿಗಾಗಿ ಪ್ರತಿ ಪಾದಕ್ಕೂ ಗುಂಡಿ ಒತ್ತುತ್ತಾ ಪಾರಾಯಣ ಮಾಡುವುದು ನನಗಂತೂ ಒಗ್ಗಲಿಲ್ಲ. ಕರಡು ತಿದ್ದಲು ಡಿಸ್‌ಪ್ಲೇ, ಪಾರಾಯಣಕ್ಕೆ ಕಾಗದ ಎಂಬುದು ನನ್ನ ಪದ್ಧತಿ.

ಕಾನೂನಿನ ಬಗ್ಗೆ ಯಾರಾದರೂ ಹೆದರಿಸಿದರೆ ಹೀಗೆ ಹೇಳಿ. ಮೂಲ ಶ್ಲೋಕಗಳಿಗೆ ಹಕ್ಕುಸ್ವಾಮ್ಯವಿಲ್ಲ. ಇತ್ತೀಚಿನ ಅನುವಾದ, ವ್ಯಾಖ್ಯಾನಗಳಿಗೆ ಇದೆ. ಆದರೆ 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಬಿ) ಕಲಮು, ಲಾಭದ ಉದ್ದೇಶವಿಲ್ಲದೆ ವಿಕಲಚೇತನರಿಗೆ ಓದಬಲ್ಲ ರೂಪದಲ್ಲಿ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ದೃಷ್ಟಿಯಿಲ್ಲದವರಿಗೆ ಪುಸ್ತಕಗಳು ಸಿಗುವುದನ್ನು ಸುಲಭಗೊಳಿಸುವ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರ ಜೂನ್‌ನಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಆದ್ದರಿಂದ ಕನ್ನಡ ತಾತ್ಪರ್ಯವಿರುವ ಒಳ್ಳೆಯ ಪುಸ್ತಕವನ್ನೇ ಆರಿಸಿಕೊಳ್ಳಿ, ಸಂಕೋಚ ಬೇಡ. ಮಾಡಿಸುವ ಮುಂಚೆ 2016ರಲ್ಲಿ ಆರಂಭವಾದ, ಅಚ್ಚು ಓದಲಾಗದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಒಮ್ಮೆ ಹುಡುಕಿ ನೋಡಿ. ಬೇರೆ ಯಾರಾದರೂ ಈಗಾಗಲೇ ಮಾಡಿಟ್ಟಿದ್ದರೆ ಎರಡು ತಿಂಗಳ ಶ್ರಮ ಉಳಿಯುತ್ತದೆ.


ಉತ್ತರ 3
ಬರೆದವರು: ಶ್ರೋತ್ರಿಯ

ಬೇಡವೆಂದರೂ ಒಂದು ಮಾತು ಹೇಳಬೇಕೆನಿಸುತ್ತದೆ. ವೇದವನ್ನು ಶ್ರುತಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಪುಸ್ತಕ ನೋಡಿ ಓದುವವನನ್ನು ಉಚ್ಚಾರಣೆಯ ಶಾಸ್ತ್ರಗ್ರಂಥವಾದ ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಪಟ್ಟಿಗೇ ಸೇರಿಸಿದೆ. ಕಿವಿಯಿಂದ ಕಲಿತ ತಾವು ನಮ್ಮೆಲ್ಲರಿಗಿಂತ ಸಂಪ್ರದಾಯಕ್ಕೆ ಹತ್ತಿರದಲ್ಲಿದ್ದೀರಿ. ಹಾಗಿರುವಾಗ ಇಷ್ಟು ಕಷ್ಟಪಟ್ಟು ಪುಸ್ತಕವನ್ನು ಹಿಡಿಯಬೇಕೇ?


ಉತ್ತರ 4
ಬರೆದವರು: ನಿವೃತ್ತ ಸಂಸ್ಕೃತ ಮೇಷ್ಟ್ರು

ಶ್ರೋತ್ರಿಯರು ಹೇಳಿದ ಶ್ಲೋಕವನ್ನು ಪೂರ್ತಿಯಾಗಿ ನೋಡೋಣ. ರಾಗವಾಗಿ ಹಾಡುವವನು, ಅವಸರಿಸುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಕ್ಷೀಣವಾದವನು ಎಂದು ಆರು ಜನರನ್ನು ಅದು ಹೆಸರಿಸುತ್ತದೆ. ಲಿಖಿತಪಾಠಕನ ಪಕ್ಕದಲ್ಲೇ ಅನರ್ಥಜ್ಞನೂ ಕುಳಿತಿದ್ದಾನೆ ಎಂಬುದನ್ನು ಮರೆಯಬಾರದು. ಪದ ಎಲ್ಲಿ ಒಡೆಯುತ್ತದೆ ಎಂಬುದೇ ತಿಳಿಯದವನಿಗೆ ಅರ್ಥ ತಿಳಿಯುವ ಬಗೆ ಹೇಗೆ? ಬೆರಳೋದುಗರು ಕೇಳುತ್ತಿರುವುದು ಕಂಠಪಾಠವನ್ನು ಬಿಡುವುದಕ್ಕಲ್ಲ, ಅದನ್ನು ಒರೆಗೆ ಹಚ್ಚುವುದಕ್ಕೆ. ಗದಗಿನ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಸಂಗೀತವೆಂಬ ಶುದ್ಧ ಕಿವಿಯ ವಿದ್ಯೆಯಲ್ಲಿ ಅಷ್ಟು ಎತ್ತರಕ್ಕೆ ಏರಿದವರು ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸುವ ಶ್ರಮವನ್ನೂ ತೆಗೆದುಕೊಂಡರು. ಕೇಳಿದರೆ ಸಾಕು ಎಂದು ಅವರಿಗೆ ತೋರಿದ್ದರೆ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

ಆದರೆ ಸ್ವರಸಹಿತ ಮಂತ್ರಗಳ ವಿಷಯದಲ್ಲಿ ನಾನು ಶ್ರೋತ್ರಿಯರ ಪಕ್ಷ. ಅಚ್ಚಿನಲ್ಲಿ ಅನುದಾತ್ತವೆಂಬ ತಗ್ಗು ಸ್ವರಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಸ್ವರಿತವೆಂಬ ಸ್ವರಕ್ಕೆ ಮೇಲೆ ನಿಲುಗೆರೆ ಎಳೆಯುತ್ತಾರೆ. ಅಕ್ಷರದ ಮೇಲೂ ಕೆಳಗೂ ಜಾಗವಿದೆ. ಬ್ರೈಲ್ ಸೆಲ್ಲಿಗೆ ಮೇಲು ಕೆಳಗಿಲ್ಲ, ಆರು ಚುಕ್ಕಿಗಳೂ ಅಕ್ಷರಕ್ಕೇ ಮೀಸಲು. ಸ್ವರಕ್ಕೊಂದು ಗುರುತು ಬೇಕೆಂದರೆ ಇನ್ನೊಂದು ಸೆಲ್ಲನ್ನೇ ಅಕ್ಷರಗಳ ನಡುವೆ ತೂರಿಸಬೇಕು. ಹಾಗೆ ಮಾಡಿದರೆ ಪದದ ಮೈಕಟ್ಟು ಒಡೆದುಹೋಗಿ, ಬೆರಳು ಎರಡು ಅಕ್ಷರಕ್ಕೊಮ್ಮೆ ಎಡವುತ್ತದೆ. ನನ್ನ ಸಲಹೆಯೇನೆಂದರೆ, ಸೂಕ್ತಗಳ ಅಕ್ಷರಪಾಠವನ್ನಷ್ಟೇ ಬ್ರೈಲ್‌ನಲ್ಲಿ ಮಾಡಿಸಿಕೊಳ್ಳಿ, ಸ್ವರವನ್ನು ಬಲ್ಲವರ ಎದುರು ಕುಳಿತು ಸಂಥೆಯಾಗಿ ಹೇಳಿಸಿಕೊಳ್ಳಿ. ಗೀತೆಗೆ, ಸಹಸ್ರನಾಮಕ್ಕೆ ಈ ತೊಡಕಿಲ್ಲ.

ಪುಸ್ತಕ ಕೈಗೆ ಬಂದ ಮೇಲಿನ ಮಾತೂ ಒಂದಿಷ್ಟಿದೆ. ಇದನ್ನು ನನ್ನ ಒಬ್ಬ ಅಂಧ ಶಿಷ್ಯನಿಂದ ಕಲಿತೆ. ಪಾರಾಯಣವೆಂದರೆ ಪುಸ್ತಕವಿಡುವ ಇಳಿಜಾರಿನ ವ್ಯಾಸಪೀಠ ಇರಲೇಬೇಕೆಂದು ನಾನು ಅವನಿಗೊಂದು ಕೊಡಿಸಿದ್ದೆ. ಎರಡು ದಿನ ಬಿಟ್ಟು ಅವನು ಅದನ್ನು ಹಿಂದಕ್ಕೆ ತಂದುಕೊಟ್ಟ. ಇಳಿಜಾರಿನ ಮೇಲೆ ಮಣಿಕಟ್ಟು ನಿಲ್ಲುವುದಿಲ್ಲ, ಪುಟದ ಮಧ್ಯದ ಮಡಿಕೆಯಲ್ಲಿ ಸಾಲಿನ ಕೊನೆ ಸಿಗುವುದಿಲ್ಲ, ಸಮತಟ್ಟಾದ ಮಣೆಯೇ ಸಾಕು ಎಂದ. ಕೈಗೆ ಅರಿಸಿನ ಕುಂಕುಮ ಅಂಟಿರುವಾಗ ಪುಟ ಮುಟ್ಟಬಾರದು, ಹುಡಿ ಚುಕ್ಕಿಗಳ ಬುಡದಲ್ಲಿ ಕೂರುತ್ತದೆ. ಆಚಮನ ಮಾಡಿದ ಒದ್ದೆ ಬೆರಳಿನಿಂದ ಓದಿದರೆ ಕಾಗದ ಮೆತ್ತಗಾಗಿ ಚುಕ್ಕಿ ಕುಗ್ಗುತ್ತದೆ, ಆದ್ದರಿಂದ ವಸ್ತ್ರದಲ್ಲಿ ಕೈ ಒರೆಸಿಕೊಂಡೇ ಕುಳಿತುಕೊಳ್ಳಬೇಕು. ಗೌರವದಿಂದ ಒಂದರ ಮೇಲೊಂದು ಪೇರಿಸಿಟ್ಟರೂ ಭಾರಕ್ಕೆ ಕೆಳಗಿನ ಸಂಪುಟ ಸವೆಯುತ್ತದೆ, ನಿಲ್ಲಿಸಿಯೇ ಇಡಬೇಕು. ದೇವರ ಮನೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಹೊರಗಿನ ಕಪಾಟಿನಲ್ಲಿಡಿ, ದೋಷವೇನೂ ಇಲ್ಲ.


ಮರು ಉತ್ತರ
ಬರೆದವರು: ಬೆರಳೋದುಗ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳಾದ ಮೇಲೆ ಬರೆಯುತ್ತಿದ್ದೇನೆ. ಕಡತಗಾರರು ಹೇಳಿದಂತೆ ಮೂರು ಚಿಹ್ನೆಗಳನ್ನು ಬದಲಿಸಿ ಮೊದಲ ಅಧ್ಯಾಯವನ್ನು ಪರಿವರ್ತಿಸಿದೆ. ನನ್ನ ಹೆಂಡತಿ ಅಚ್ಚಿನ ಗೀತೆಯನ್ನು ಹಿಡಿದು ಕುಳಿತಳು, ನಾನು ಚುಕ್ಕಿ ಓದಿ ಹೇಳುತ್ತಾ ಹೋದೆ. ನಲವತ್ತೇಳು ಶ್ಲೋಕಗಳಿಗೆ ಮೂರು ಸಂಜೆ ಹಿಡಿದವು. ಹನ್ನೊಂದು ತಪ್ಪು ಸಿಕ್ಕವು. ಅದರಲ್ಲಿ ನಾಲ್ಕು ಕಡೆ ‘ಕೃಷ್ಣ’ ಎಂಬುದು ‘ಕ್ರುಷ್ಣ’ ಎಂದು ಟೈಪಾಗಿತ್ತು.

ಒಂದು ಸಂಗತಿಯನ್ನು ಹೇಳಲೇಬೇಕು. ಗೀತೆಯ ಮೊದಲ ಸಾಲನ್ನು ನಾನು ಇಷ್ಟು ವರ್ಷವೂ ‘ಸಮವೇತಾಯು ಯುತ್ಸವಃ’ ಎಂದು ಒಡೆದುಕೊಂಡು ಹೇಳುತ್ತಿದ್ದೆ. ‘ಯುತ್ಸವ’ ಎಂದರೆ ಉತ್ಸವದಂಥ ಏನೋ ಒಂದು, ಎಲ್ಲರೂ ಸೇರಿರುವ ಜಾತ್ರೆ ಎಂದೇ ಮನಸ್ಸಿನಲ್ಲಿತ್ತು. ಮೊನ್ನೆ ಬೆರಳು ‘ತಾ’ ದಾಟಿದ ಕೂಡಲೇ ಒಂದು ಖಾಲಿ ಸೆಲ್ ಸಿಕ್ಕಿತು, ಅದರ ನಂತರ ಎರಡು ಸಲ ‘ಯು’. ಅಲ್ಲಿಯೇ ನಿಂತುಬಿಟ್ಟೆ. ಹೆಂಡತಿ ಅರ್ಥ ಓದಿ ಹೇಳಿದಳು: ಯುದ್ಧ ಮಾಡಲು ಬಯಸುವವರು.

ಮೇಷ್ಟ್ರಿಗೆ ಒಂದು ಸಂದೇಹ. ಸೇರಿದವರು ಬಹಳ ಮಂದಿಯಾದರೆ ‘ಸಮವೇತಾಃ’ ಎಂದು ವಿಸರ್ಗ ಇರಬೇಕಲ್ಲವೇ? ನನ್ನ ಪ್ರತಿಯಲ್ಲಿ ಆ ಜಾಗದಲ್ಲಿ 6ನೇ ಚುಕ್ಕಿಯಿಲ್ಲ. ಇದೂ ಬೆರಳಚ್ಚಿನ ತಪ್ಪೇ?


ಉತ್ತರ 5
ಬರೆದವರು: ನಿವೃತ್ತ ಸಂಸ್ಕೃತ ಮೇಷ್ಟ್ರು

ತಪ್ಪಲ್ಲ. ಪದ ‘ಸಮವೇತಾಃ’ ಎಂದೇ. ಆದರೆ ‘ಆ’ಕಾರದ ಮುಂದಿರುವ ವಿಸರ್ಗಕ್ಕೆ ‘ಯ’ಕಾರದಂಥ ಮೃದುವ್ಯಂಜನ ಎದುರಾದಾಗ ಅದು ಲೋಪವಾಗುತ್ತದೆ. ಮುಂದಿನ ಸಾಲಿನ ‘ಮಾಮಕಾಃ’ ಎಂಬಲ್ಲಿ ಎದುರಿಗೆ ‘ಪ’ಕಾರವಿರುವುದರಿಂದ ವಿಸರ್ಗ ಉಳಿದಿದೆ, ಅಲ್ಲಿ ನಿಮ್ಮ ಪ್ರತಿಯಲ್ಲಿ 6ನೇ ಚುಕ್ಕಿ ಇರಲೇಬೇಕು, ನೋಡಿ. ಎರಡನೆಯ ಅಧ್ಯಾಯದ ಕರಡನ್ನು ತಿದ್ದುವಾಗ ಇಂಥ ಸಂದೇಹ ಬಂದ ಕಡೆಗಳನ್ನೆಲ್ಲ ಗುರುತು ಹಾಕಿ ಒಟ್ಟಿಗೆ ಬರೆಯಿರಿ, ಒಂದೊಂದಾಗಿ ಬಿಡಿಸೋಣ.